ಪಾಲಿಶ್ ಆಮೇಲೆ, ಮೊದಲು ಗಾಡಿಯ ಕೆಳಗೆ ಮಲಗಿ

ಹಳೆ ಕಾರಿನ ಜಾಹೀರಾತುಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತೆ: ‘ಎಫ್‌ಸಿ ಬಾಕಿ ಇದೆ, ಗಾಡಿ ಸೂಪರ್ ಕಂಡೀಷನ್.’ ಎಫ್‌ಸಿ ಅಂದರೆ ಇಲ್ಲಿ, 15 ವರ್ಷ ತುಂಬಿದ ಕಾರನ್ನು ಆರ್‌ಟಿಒದಲ್ಲಿ ತೋರಿಸಿ ನೋಂದಣಿ ನವೀಕರಿಸಿಕೊಳ್ಳುವುದು. ಫೋಟೊದಲ್ಲಿ ಹೊಸ ಸೀಟ್ ಕವರ್, ಥಳಥಳ ಬಾನೆಟ್, ದೊಡ್ಡ ಸ್ಕ್ರೀನಿನ ಸ್ಟೀರಿಯೊ. ಟೈರಿನ ಗೀರು (ಟ್ರೆಡ್) ಕಾಣುವ ಫೋಟೊ ಒಂದೂ ಇರಲ್ಲ, ಗಾಡಿಯ ಅಡಿಭಾಗದ್ದಂತೂ ಕೇಳಲೇಬೇಡಿ. ಅಷ್ಟು ಚೆನ್ನಾಗಿದ್ದರೆ ಎಫ್‌ಸಿ ಯಾಕೆ ಮಾಡಿಸಿಲ್ಲ ಅಂತ ಕೊಳ್ಳುವವನು ಬಾಯಿಬಿಟ್ಟು ಕೇಳದೇ ಇರಬಹುದು. ಆದರೆ ಮನಸ್ಸಲ್ಲಿ ಕೇಳಿಕೊಂಡು, ಅದಕ್ಕೊಂದು ಮೊತ್ತ ಕಳೆದೇ ಮಾತಿಗೆ ಕೂರುತ್ತಾನೆ.

‘ತಗೊಂಡವರೇ ಮಾಡಿಸ್ಕೊಳ್ಳಲಿ, ನಾನ್ಯಾಕೆ ಖರ್ಚು ಮಾಡಲಿ’ ಅನ್ನುವುದು ಮಾರುವವರ ವಾದ. ಕೇಳಲು ಸರಿಯೆನಿಸುತ್ತೆ. ಆದರೆ ಕೊಳ್ಳುವವನು ಕಳೆಯುವುದು ರಿಪೇರಿಯ ನಿಜವಾದ ಖರ್ಚನ್ನಲ್ಲ, ತನಗೆ ಗೊತ್ತಿಲ್ಲದ ಕೆಟ್ಟದ್ದೆಲ್ಲದರ ಖರ್ಚನ್ನು. ಬ್ರೇಕಿನ ವೀಲ್ ಸಿಲಿಂಡರ್ ಸೋರುತ್ತಿದೆಯೋ, ಫ್ಲೋರ್ ತೂತಾಗಿದೆಯೋ, ಚಾಸಿ ನಂಬರ್ ಅಳಿಸಿದೆಯೋ ಅವನಿಗೇನು ಗೊತ್ತು? ಎಲ್ಲವೂ ಆಗಿದೆ ಅಂದುಕೊಂಡೇ ಲೆಕ್ಕ ಹಾಕುತ್ತಾನೆ. ಇದ್ದದ್ದು ಒಂದೇ ತೊಂದರೆಯಾದರೂ ಮಾರುವವನು ಕಳೆದುಕೊಳ್ಳುವುದು ಮೂರರ ದುಡ್ಡು.

ಇನ್ನು ಸರ್ಕಾರದ ಲೆಕ್ಕ. 2022ರ ಏಪ್ರಿಲ್ 1ರಿಂದ, 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ಮಾಡಿದರು. ತಡವಾದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ಮನೆ ಮುಂದೆ ಕವರ್ ಹೊದಿಸಿ ಎರಡು ವರ್ಷ ನಿಲ್ಲಿಸಿದ ಕಾರಿಗೆ ಈ ತಡದ ಬಾಬ್ತೇ 12,000 ಆಗುತ್ತೆ. ಇದರ ಮೇಲೆ ಹಳೆ ಗಾಡಿಗಳಿಗೆ ಹಾಕುವ ಹಸಿರು ತೆರಿಗೆ ಬೇರೆ. ಅವಧಿ ಮುಗಿಯುವ 60 ದಿನ ಮೊದಲೇ ನವೀಕರಣದ ಅರ್ಜಿ, ಅಂದರೆ ಫಾರಂ 25 ಹಾಕಬಹುದು. ಆ ಅವಕಾಶ ಬಳಸಿಕೊಂಡವರಿಗೆ ಈ ದಂಡ ಇರುವುದೇ ಇಲ್ಲ. (ಪರಿವಾಹನ್ ಜಾಲತಾಣದಲ್ಲಿ ನೀವು ಹುಡುಕಬೇಕಾದದ್ದು ‘ನೋಂದಣಿ ನವೀಕರಣ’. ಫಿಟ್‌ನೆಸ್ ಅನ್ನುವ ಆಯ್ಕೆ ಟ್ಯಾಕ್ಸಿ, ಲಾರಿಗಳದ್ದು. ಬೀದಿಯಲ್ಲಿ ಎರಡಕ್ಕೂ ಎಫ್‌ಸಿ ಅಂತಲೇ ಹೆಸರು.) ನವೀಕರಣ ಆಗದ ಆರ್‌ಸಿಯನ್ನು ಇನ್ನೊಬ್ಬರ ಹೆಸರಿಗೆ ಮಾಡಿಸಲೂ ಆಗುವುದಿಲ್ಲ. ಅಂದರೆ ‘ಎಫ್‌ಸಿ ಬಾಕಿ’ ಗಾಡಿ ಮಾರಿದವನು ದುಡ್ಡು ತಗೊಂಡಿರುತ್ತಾನೆ, ಗಾಡಿ ಮಾತ್ರ ಅವನ ಹೆಸರಲ್ಲೇ ಓಡುತ್ತಿರುತ್ತೆ. ಇದರ ಅಪಾಯದ ಮಾತು ಕೊನೆಗೆ ಬರುತ್ತೆ.

ಸ್ಪ್ಯಾನರ್ ಹಿಡಿಯುವ ಮುಂಚೆ ಆರ್‌ಸಿ ಹಿಡಿಯಿರಿ

ಇನ್‌ಸ್ಪೆಕ್ಟರ್ ಆರ್‌ಟಿಒದಲ್ಲಿ ನೋಡುವುದು ಎರಡು ವಿಷಯ. ಈ ಗಾಡಿ ರಸ್ತೆಗೆ ಇಳಿಯಲು ಯೋಗ್ಯವೇ, ಮತ್ತು ಇದು ಆರ್‌ಸಿಯಲ್ಲಿ ಬರೆದಿರುವ ಗಾಡಿಯೇ. ಮೊದಲನೆಯದಕ್ಕೆ ಗ್ಯಾರೇಜಿನವರು ತಯಾರಿ ಮಾಡಿಸುತ್ತಾರೆ. ಎರಡನೆಯದನ್ನು ಯಾರೂ ನೆನಪಿಸುವುದಿಲ್ಲ, ಗಾಡಿ ವಾಪಸ್ ಬರುವುದು ಬಹಳ ಸಲ ಅದರಿಂದಲೇ.

ಚಾಸಿ ನಂಬರಿನಿಂದ ಶುರು ಮಾಡಿ. ಅನೇಕ ಸಣ್ಣ ಕಾರುಗಳಲ್ಲಿ ಬಾನೆಟ್ ಎತ್ತಿದರೆ ಎದುರಿಗೇ, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯ ಮೇಲೆ ಅದನ್ನು ಗುದ್ದಿರುತ್ತಾರೆ. ಕೆಲವು ಮಾಡೆಲ್‌ಗಳಲ್ಲಿ ಮುಂದಿನ ಸೀಟಿನ ಹತ್ತಿರ ಕಾರ್ಪೆಟ್ ಕೆಳಗೆ ಇರುತ್ತೆ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಟ್ರೇಸ್ ತೆಗೆದರೆ ಒಂದೊಂದು ಅಕ್ಷರವೂ ಬೇರೆ ಬೇರೆಯಾಗಿ ಏಳಬೇಕು. ಹದಿನೈದು ವರ್ಷದ ಗಾಡಿಯಲ್ಲಿ ಅಲ್ಲಿ ಎಣ್ಣೆ, ಧೂಳು ಗಟ್ಟಿಯಾಗಿ ಕೂತಿರುತ್ತೆ. ಇಲ್ಲವೇ ಯಾವನೋ ಪೇಂಟರ್ ನಂಬರಿನ ಮೇಲೆಯೇ ಎರಡು ಕೋಟ್ ಬಳಿದಿರುತ್ತಾನೆ. ಬಟ್ಟೆಗೆ ಸೀಮೆಎಣ್ಣೆ ಹಾಕಿ ನೆನೆಸಿ, ಹಳೆ ಟೂತ್‌ಬ್ರಶ್‌ನಲ್ಲಿ ಉಜ್ಜಿ, ಬಣ್ಣವಿದ್ದರೆ ಥಿನ್ನರ್ ಮುಟ್ಟಿಸಿ ಬಿಡಿಸಿ. ಗ್ರೈಂಡರ್, ಅರ, ಎಮರಿ ಕಾಗದ ಯಾವುದನ್ನೂ ಅಲ್ಲಿಗೆ ತರಬೇಡಿ. ಸುತ್ತಲಿನ ತಗಡು ಹೊಳೆಯುತ್ತಾ ನಂಬರ್ ಮಾತ್ರ ಸವೆದಿದ್ದರೆ, ಕದ್ದ ಗಾಡಿಯ ನಂಬರ್ ತಿದ್ದಿದ್ದಾರೆ ಅನ್ನುವ ಅನುಮಾನ ಯಾರಿಗಾದರೂ ಬರುತ್ತೆ. ಟ್ರೇಸ್ ಸರಿಯಾಗಿ ಬಂದ ಮೇಲೆ ತೆಳ್ಳಗೆ ಗ್ರೀಸ್ ಸವರಿ ಬಿಟ್ಟರೆ ಮತ್ತೆ ತುಕ್ಕು ಹಿಡಿಯಲ್ಲ.

ಎಂಜಿನ್ ನಂಬರೂ ಅಷ್ಟೇ. ಹಿಂದಿನ ಮಾಲೀಕ ಯಾವಾಗಲೋ ಗುಜರಿಯಿಂದ ಎಂಜಿನ್ ತಂದು ಕೂರಿಸಿ, ಆರ್‌ಸಿಯಲ್ಲಿ ಬದಲಾಯಿಸದೇ ಬಿಟ್ಟಿದ್ದರೆ ಅದು ಬಯಲಾಗುವುದು ಈಗಲೇ. ಬಣ್ಣ ಬದಲಾಗಿದ್ದರೂ ಆರ್‌ಸಿಯಲ್ಲಿ ಬಂದಿರಬೇಕು. ಸಿಎನ್‌ಜಿ ಕಿಟ್ ಇದ್ದರೆ ಅದು ನಮೂದಾಗಿರಬೇಕು, ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಆಗುವ ಹೈಡ್ರೋ ಟೆಸ್ಟಿನ (ಒತ್ತಡ ಪರೀಕ್ಷೆಯ) ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು. ಕಿಟ್ ಬಿಚ್ಚಿ ಮಾರಿದ್ದರೆ, ಆರ್‌ಸಿಯಿಂದಲೂ ಅದನ್ನು ತೆಗೆಸಿರಬೇಕು.

ಆಮೇಲೆ ಎಚ್‌ಪಿ, ಅಂದರೆ ಆರ್‌ಸಿಯಲ್ಲಿರುವ ಸಾಲದ ನಮೂದು. ಸಾಲ ತೀರಿ ಹತ್ತು ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿರುವ ಕಾರುಗಳು ನಮ್ಮಲ್ಲಿ ಬಹಳ. ಅದರಲ್ಲೂ ಕರ್ನಾಟಕದ ಹಳೆ ಆರ್‌ಸಿಗಳಲ್ಲಿ ಕಾಣುವುದು ಈಗ ಇಲ್ಲದ ಬ್ಯಾಂಕುಗಳ ಹೆಸರು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿತು, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಸಾಲ ಬಾಕಿಯಿಲ್ಲ ಅನ್ನುವ ಎನ್‌ಒಸಿ ಮತ್ತು ಆ ನಮೂದು ತೆಗೆಸುವ ಫಾರಂ 35 ಕೊಡಬೇಕಾದದ್ದು ಈಗಿನ ಬ್ಯಾಂಕು. ಹಳೆ ಸಾಲದ ಖಾತೆ ಸಂಖ್ಯೆಯೋ, ಸಾಲ ತೀರಿಸಿದ ಚೀಟಿಯೋ ಕೈಯಲ್ಲಿಲ್ಲದಿದ್ದರೆ ಅವರು ದಾಖಲೆ ಹುಡುಕಲು ಸಮಯ ಹಿಡಿಯುತ್ತೆ. ಹಾಗಾಗಿ ಬ್ರೇಕಿಗೆ ಪಾರ್ಟ್ಸ್ ಆರ್ಡರ್ ಮಾಡುವ ಮುಂಚೆಯೇ ಈ ಅರ್ಜಿ ಹಾಕಿಬಿಡಬೇಕು. ಸರ್ಕಾರದ ಆನ್‌ಲೈನ್ ದಾಖಲೆಯಾದ ವಾಹನ್‌ನಲ್ಲಿ ಗಾಡಿಯ ವಿವರವೇ ಬರದಿದ್ದರೆ, ಅಥವಾ ಚಾಸಿ ನಂಬರಿನಲ್ಲಿ ಸೊನ್ನೆಗೆ ‘ಓ’ ಬಿದ್ದಿದ್ದರೆ, ಆರ್‌ಟಿಒದಲ್ಲಿ ಮೊದಲು ಅದನ್ನು ಸರಿಮಾಡಿಸಬೇಕು. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್) ಪ್ಲೇಟ್ ಬುಕ್ ಮಾಡುವಾಗಲೂ ಇದೇ ವಿವರ ತಾಳೆಯಾಗಬೇಕು. ಬಾಕಿ ಟ್ರಾಫಿಕ್ ದಂಡ ಕಟ್ಟಿ, ಇನ್ಶೂರೆನ್ಸ್ ನೋಡಿಕೊಳ್ಳಿ. ಅಲ್ಲಿಗೆ ಕಾಗದದ ಕೆಲಸ ಮುಗಿಯಿತು.

ಬ್ರೇಕು

ದುಡ್ಡು ಹಾಕುವುದಿದ್ದರೆ ಮೊದಲು ಇಲ್ಲಿ ಹಾಕಿ. ಹಿಂದಿನ ಡ್ರಮ್ ಬಿಚ್ಚದೇ ‘ಬ್ರೇಕ್ ಚೆನ್ನಾಗಿದೆ’ ಅನ್ನುವ ಮೆಕ್ಯಾನಿಕ್‌ನ ಮಾತು ನಂಬಬೇಡಿ. ಹ್ಯಾಂಡ್‌ಬ್ರೇಕ್ ಇಳಿಸಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದೆ ಎತ್ತಿ ಸ್ಟ್ಯಾಂಡ್ ಕೊಡಿ. ಹಳೆ ಡ್ರಮ್ಮಿನ ಅಂಚಿನಲ್ಲಿ ಸವೆಯದೇ ಉಳಿದ ಏಣು ಬ್ರೇಕ್ ಶೂಗೆ ಸಿಕ್ಕಿಕೊಂಡು ಡ್ರಮ್ ಹೊರಗೆ ಬರುವುದಿಲ್ಲ. ಎಲ್ಲರೂ ಸುತ್ತಿಗೆ ಎತ್ತುವುದು ಆಗಲೇ. ಬಹಳಷ್ಟು ಸಣ್ಣ ಕಾರುಗಳ ಡ್ರಮ್ಮಿನ ಮುಖದ ಮೇಲೆ ಥ್ರೆಡ್ ಇರುವ ಎರಡು ತೂತುಗಳಿರುತ್ತವೆ. ಅವಕ್ಕೆ 8 ಎಂಎಂ ಬೋಲ್ಟ್ ಹಾಕಿ, ಒಂದನ್ನು ಅರ್ಧ ಸುತ್ತು ಇನ್ನೊಂದನ್ನು ಅರ್ಧ ಸುತ್ತು ಅಂತ ಬಿಗಿಯುತ್ತಾ ಹೋದರೆ ಡ್ರಮ್ ತಾನಾಗಿ ಕಳಚಿಕೊಳ್ಳುತ್ತೆ. ಒಳಗಿನ ಪುಡಿಯನ್ನು ಏರ್ ಹೊಡೆದು ಹಾರಿಸಬೇಡಿ, ಹಳೆ ಲೈನರುಗಳಲ್ಲಿ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಬೂಟನ್ನು ತೆಳು ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಎತ್ತಿ ನೋಡಿ. ಒಳಗೆ ಒದ್ದೆಯಾಗಿದ್ದರೆ ಸೀಲ್ ಹೋಗಿದೆ. ಹೊರಗೆ ಇನ್ನೂ ಸೋರಿಲ್ಲ, ಅಷ್ಟೇ. ಬದಲಾಯಿಸುವುದಾದರೆ ಎರಡೂ ಕಡೆ ಒಟ್ಟಿಗೆ ಬದಲಾಯಿಸಿ. ಬ್ರೇಕ್ ಫ್ಲೂಯಿಡ್ ಕುಡಿದ ಶೂವನ್ನು ಎಷ್ಟು ತೊಳೆದರೂ, ಸುಟ್ಟರೂ ಅದು ಮತ್ತೆ ಹಿಡಿಯುವುದಿಲ್ಲ. ಮುಂದಿನ ಡಿಸ್ಕ್ ಪ್ಯಾಡಿನ ಲೈನಿಂಗ್ 3 ಎಂಎಂಗೆ ಬಂದಿದ್ದರೆ ಯೋಚನೆ ಮಾಡದೇ ಹೊಸದು ಹಾಕಿ. ಪ್ಯಾಡ್ ಹಿಡಿದಿರುವ ಕೆಲಿಪರಿನ ಸ್ಲೈಡ್ ಪಿನ್ ಬಿಚ್ಚಿ, ಒರೆಸಿ, ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿ. ಬ್ರೇಕ್ ಹೊಡೆದಾಗ ಗಾಡಿ ಒಂದು ಕಡೆ ಎಳೆಯುವುದಕ್ಕೆ ಜಾಮ್ ಆದ ಈ ಪಿನ್ನೇ ಹೆಚ್ಚಾಗಿ ಕಾರಣ. ಪೆಡಲ್ ಬಿಟ್ಟ ಮೇಲೂ ಒಂದು ಚಕ್ರ ಹಿಡಿದುಕೊಂಡೇ ಇದ್ದರೆ ಆ ಚಕ್ರದ ಬ್ಲೀಡರ್ (ಫ್ಲೂಯಿಡ್ ಹೊರಬಿಡುವ ಸ್ಕ್ರೂ) ಸಡಿಲಿಸಿ. ಚಕ್ರ ಬಿಟ್ಟುಕೊಂಡರೆ ಹೋಸ್ ಒಳಗೇ ಊದಿಕೊಂಡು ಫ್ಲೂಯಿಡ್ ವಾಪಸ್ ಹೋಗಲು ಬಿಡುತ್ತಿಲ್ಲ ಅಂತ ಅರ್ಥ. ಬಿಡದಿದ್ದರೆ ತೊಂದರೆ ಇರುವುದು ಪಿಸ್ಟನ್‌ನಲ್ಲಿ ಅಥವಾ ಪಿನ್ನಿನಲ್ಲಿ.

ಇನ್ನು ಬ್ಲೀಡಿಂಗ್, ಅಂದರೆ ಬ್ರೇಕ್ ಪೈಪಿನೊಳಗಿನ ಗಾಳಿ, ಹಳೆ ಫ್ಲೂಯಿಡ್ ಹೊರಬಿಡುವುದು. ಹಳೆ ಗಾಡಿ ಕೆಡುವುದು ಹೆಚ್ಚಾಗಿ ಇಲ್ಲೇ. ಹುಡುಗನೊಬ್ಬ ಒಳಗೆ ಕೂತು ಪೆಡಲನ್ನು ನೆಲಕ್ಕೆ ಮುಟ್ಟುವ ತನಕ ಒತ್ತುತ್ತಾನೆ. ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಮಾಸ್ಟರ್ ಸಿಲಿಂಡರಿನೊಳಗೆ ಸೀಲ್ ದಿನಾ ಓಡಾಡುವ ಜಾಗ ನುಣುಪಾಗಿರುತ್ತೆ. ಅದರಾಚೆಗೆ ಹದಿನೈದು ವರ್ಷ ಸೀಲ್ ಹೋಗದ ಜಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತೆ. ಪೆಡಲ್ ಪೂರ್ತಿ ಇಳಿದಾಗ ಸೀಲ್ ಅಲ್ಲಿಗೆ ಹೋಗಿ ಗೀರಿಕೊಂಡು ಬರುತ್ತೆ. ಮಾರನೇ ದಿನ ಸಿಗ್ನಲ್ಲಿನಲ್ಲಿ ಪೆಡಲ್ ಒತ್ತಿ ನಿಂತಿದ್ದಂತೆ ಅದು ನಿಧಾನಕ್ಕೆ ಕೆಳಗಿಳಿಯಲು ಶುರುವಾಗುತ್ತೆ, ಎಲ್ಲರೂ ಹೊಸ ಪಾರ್ಟ್ಸಿಗೆ ಬೈಯುತ್ತಾರೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟು ಅರ್ಧಕ್ಕಿಂತ ಕೆಳಗೆ ಹೋಗದಂತೆ ಮಾಡಿಕೊಂಡರೆ ಈ ಗೋಳೇ ಇಲ್ಲ. ಫ್ಲೂಯಿಡ್ ಟ್ಯಾಂಕಿನ ಮುಚ್ಚಳದ ಮೇಲೆ ಬರೆದಿರುವ ದರ್ಜೆಯನ್ನೇ ತನ್ನಿ. ಅರ್ಧ ಲೀಟರಿನಿಂದ ಒಂದು ಲೀಟರ್ ತನಕ ಹಿಡಿಯುತ್ತೆ. ಎಲ್ಲ ಚಕ್ರದಲ್ಲೂ ಕಪ್ಪು ಹೋಗಿ ತಿಳಿ ಬರುವ ತನಕ ಬಿಡಿ. ಡಬ್ಬಿ ತೆರೆದು ತಿಂಗಳುಗಟ್ಟಲೆ ಇಟ್ಟದ್ದು ಬೇಡ, ಅದು ಗಾಳಿಯ ತೇವ ಕುಡಿದಿರುತ್ತೆ.

ಹ್ಯಾಂಡ್‌ಬ್ರೇಕ್ ಸಡಿಲವಿದ್ದರೆ ಕೇಬಲ್ಲಿನ ನಟ್ ಬಿಗಿದು ಮುಗಿಸುವುದು ಗ್ಯಾರೇಜುಗಳ ಅಭ್ಯಾಸ. ಮೊದಲು ಶೂ ಅಡ್ಜಸ್ಟ್ ಆಗಬೇಕು, ಕೇಬಲ್ ಆಮೇಲೆ. ಕೇಬಲ್ಲನ್ನೇ ಎಳೆದು ಕಟ್ಟಿದರೆ ಒಳಗಿನ ಸನ್ನೆ ಯಾವಾಗಲೂ ಅರ್ಧ ಎಳೆದ ಸ್ಥಿತಿಯಲ್ಲಿರುತ್ತೆ, ಸೆಲ್ಫ್ ಅಡ್ಜಸ್ಟರ್ ಕೆಲಸ ಮಾಡುವುದಿಲ್ಲ.

ಸ್ಟೀರಿಂಗ್, ಟೈರು, ಲೈಟು

ಮುಂದಿನ ಚಕ್ರ ಎತ್ತಿ ಎಡಕ್ಕೂ ಬಲಕ್ಕೂ ಕೈ ಕೊಟ್ಟು ಅಲ್ಲಾಡಿಸಿದಾಗ ಪ್ಲೇ (ಸಡಿಲ) ಸಿಕ್ಕರೆ ತೊಂದರೆ ಸ್ಟೀರಿಂಗಿನ ಟೈರಾಡ್ ಎಂಡ್ ಅಥವಾ ರ‍್ಯಾಕ್. ಮೇಲೆ ಕೆಳಗೆ ಹಿಡಿದಾಗ ಸಿಕ್ಕರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಇವೆರಡರಲ್ಲಿ ಯಾವುದು ಅಂತ ತಿಳಿಯಲು ಒಬ್ಬರು ಬ್ರೇಕ್ ಒತ್ತಿಕೊಂಡಿರಲಿ, ಮತ್ತೆ ಅಲ್ಲಾಡಿಸಿ. ಪ್ಲೇ ಮಾಯವಾದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್. ಟೈರಾಡ್ ಎಂಡ್ ಬದಲಾಯಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಿ, ಇಲ್ಲದಿದ್ದರೆ ಹೊಸ ಟೈರೂ ಒಳಗಡೆಯಿಂದ ತಿಂದುಹೋಗುತ್ತೆ.

ಟೈರಿನ ಗೀರು ಕನಿಷ್ಠ 1.6 ಎಂಎಂ ಇರಬೇಕು. ಗೀರಿನ ತಳದಲ್ಲಿರುವ ಅಡ್ಡಪಟ್ಟಿ ಮೇಲ್ಮೈಗೆ ಸಮವಾಗಿದ್ದರೆ ಅಳೆಯುವ ಅಗತ್ಯವೇ ಇಲ್ಲ, ಮುಗಿದಿದೆ. ನಿಂತ ಗಾಡಿಗಳಲ್ಲಿ ಇನ್ನೊಂದು ಮೋಸ. ಗೀರು ತುಂಬಾ ಇರುತ್ತೆ, ರಬ್ಬರ್ ಮಾತ್ರ ಒಣಗಿ ಪಕ್ಕದಲ್ಲಿ ಸೀಳು ಬಿಟ್ಟಿರುತ್ತೆ. ಟೈರಿನ ಪಕ್ಕೆಯ ಮೇಲಿನ ನಾಲ್ಕಂಕಿ ನೋಡಿ. 2314 ಅಂದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ಸ್ಟೆಪ್ನಿಯನ್ನೂ ಹೊರಗೆ ತೆಗೆದು ನೋಡಿ.

ಹಳದಿಗಟ್ಟಿದ ಹೆಡ್‌ಲೈಟಿಗೆ ಹೊಸ ಅಸೆಂಬ್ಲಿ ಬೇಕಿಲ್ಲ. 800, 1500, 2000 ನಂಬರಿನ ನೀರು ಕಾಗದದಲ್ಲಿ ಕ್ರಮವಾಗಿ ಉಜ್ಜಿ, ಕಾಂಪೌಂಡ್ ಹಾಕಿ, ಕೊನೆಗೆ ಯುವಿ ತಡೆಯುವ ಕ್ಲಿಯರ್ ಕೋಟ್ ಕೊಡಿ. ಕ್ಲಿಯರ್ ಕೋಟ್ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಬಲ್ಬ್ 60/55 ವ್ಯಾಟಿನದೇ ಇರಲಿ. ಹಳೆ ಗಾಡಿಗೆ 100/90 ಹಾಕಿದರೆ ಬೆಳಕಿಗಿಂತ ಮುಂಚೆ ಹೋಲ್ಡರ್ ಕರಗುತ್ತೆ, ಕಾನೂನಿಗೂ ಅದು ವಿರುದ್ಧ. ಒಂದು ಲೈಟ್ ಮಂಕಾಗಿದ್ದರೆ ಬಲ್ಬಿಗಿಂತ ಮೊದಲು ಅರ್ತ್ ವೈರ್ ಬಾಡಿಗೆ ಸೇರುವ ಬೋಲ್ಟ್ ಬಿಚ್ಚಿ ತುಕ್ಕು ಕೆರೆಯಿರಿ. ನಂಬರ್ ಪ್ಲೇಟಿನ ಸಣ್ಣ ಲೈಟು ಮತ್ತು ರಿವರ್ಸ್ ಲೈಟು ಎಲ್ಲರೂ ಮರೆಯುವ ಜೋಡಿ. ಸನ್‌ಫಿಲ್ಮ್, ಬುಲ್ ಗಾರ್ಡ್ ಇದ್ದರೆ ಬಿಚ್ಚಿಹಾಕಿ. ಹಾರ್ನ್, ವೈಪರ್, ಸೀಟ್ ಬೆಲ್ಟ್, ಸ್ಪೀಡೋಮೀಟರ್ ನೋಡಲು ಐದು ನಿಮಿಷ ಸಾಕು.

ಹೊಗೆ

ಒಂದೇ ಮಾಡೆಲಿನ, ಒಂದೇ ವರ್ಷದ ಎರಡು ಕಾರಿಗೆ ಬೇರೆ ಬೇರೆ ಮಿತಿ ಅನ್ವಯಿಸುವುದು ಯಾಕೆ ಅಂತ ಕೆಲವರು ತಲೆಕೆಡಿಸಿಕೊಳ್ಳುತ್ತಾರೆ. 2010ರ ಏಪ್ರಿಲ್‌ನಲ್ಲಿ ಬಿಎಸ್-4 ಅನ್ನುವ ಹೊಗೆ ಮಾನದಂಡ ಬಂದದ್ದು ಬೆಂಗಳೂರು ಸೇರಿ 13 ನಗರಗಳಿಗೆ ಮಾತ್ರ. ಉಳಿದ ಕಡೆ ಬಿಎಸ್-3 ಗಾಡಿಗಳನ್ನೇ ಮಾರುತ್ತಿದ್ದರು, ದೇಶಕ್ಕೆಲ್ಲ ಬಿಎಸ್-4 ಆದದ್ದು 2017ರಲ್ಲಿ. ಹಾಗಾಗಿ 2010–11ರ ಬೆಂಗಳೂರಿನ ಪೆಟ್ರೋಲ್ ಕಾರು ಐಡ್ಲಿಂಗ್‌ನಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) 0.3 ಶೇಕಡಾ, ಎಚ್‌ಸಿ (ಹೈಡ್ರೊಕಾರ್ಬನ್) 200 ಪಿಪಿಎಂ ಒಳಗಿರಬೇಕಾದರೆ, ಬೇರೆ ಜಿಲ್ಲೆಯಲ್ಲಿ ನೋಂದಣಿಯಾದ ಅದರ ಬಿಎಸ್-3 ಜೋಡಿಗೆ 0.5 ಮತ್ತು 750 ಸಾಕು. ಸಿಒ ಹೆಚ್ಚಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಏರ್ ಫಿಲ್ಟರ್, ಆಕ್ಸಿಜನ್ ಸೆನ್ಸರ್, ಕಾರ್ಬುರೇಟರ್ ಗಾಡಿಯಾದರೆ ಮಿಕ್ಸ್ಚರ್ ಸ್ಕ್ರೂ ನೋಡಿ. ಎಂಜಿನ್ ಬಿಸಿಯಾಗಲು ಬಿಡದ, ತೆರೆದೇ ಉಳಿದ ಥರ್ಮೋಸ್ಟ್ಯಾಟ್ ಕೂಡ ಇದಕ್ಕೆ ಕಾರಣ, ಯಾರಿಗೂ ಹೊಳೆಯಲ್ಲ. ಎಚ್‌ಸಿ ಹೆಚ್ಚಿದ್ದರೆ ಪೆಟ್ರೋಲ್ ಉರಿಯದೇ ಹೊರಬರುತ್ತಿದೆ, ಪ್ಲಗ್ ಮತ್ತು ಪ್ಲಗ್ ವೈರಿನಿಂದ ಶುರು ಮಾಡಿ. ಗಾಡಿಯನ್ನು ಮನೆಯಿಂದ ನೇರ ಪಕ್ಕದ ಎಮಿಷನ್ ಸೆಂಟರಿಗೆ ಒಯ್ಯಬೇಡಿ. ಇಪ್ಪತ್ತು ನಿಮಿಷ ಓಡಿಸಿ ಬಿಸಿ ಮಾಡಿ. ತಣ್ಣಗಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸವನ್ನೇ ಶುರು ಮಾಡಿರುವುದಿಲ್ಲ.

ತುಕ್ಕು: ನಿಲ್ಲಿಸಬೇಕಾದ ಜಾಗ

ಕೆಎ-19, ಕೆಎ-20 (ಮಂಗಳೂರು, ಉಡುಪಿ) ನಂಬರ್ ಕಂಡ ತಕ್ಷಣ ಘಟ್ಟದ ಮೇಲಿನ ಬ್ರೋಕರುಗಳು ಬಗ್ಗಿ ನೋಡುತ್ತಾರೆ, ಅದಕ್ಕೆ ಕಾರಣ ಇದೆ. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ. ಕಾರ್ಪೆಟ್ ಎತ್ತಿ ಫ್ಲೋರ್ ನೋಡಿ, ಬ್ಯಾಟರಿ ಟ್ರೇ ಕೆಳಗೆ, ಜಾಕ್ ಕೊಡುವ ಜಾಗದಲ್ಲಿ, ಬಾಗಿಲ ಕೆಳಗಿನ ದಂಡೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಠಣ್ ಅನ್ನುತ್ತೆ, ತಿಂದದ್ದು ಬೊದ್ದು ಸದ್ದು ಮಾಡಿ ಪದರ ಉದುರಿಸುತ್ತೆ. ತೂತಿಗೆ ಫೈಬರ್ ಹಚ್ಚಿ ಮೇಲೆ ಪುಟ್ಟಿ ಬಳಿಯುವುದು ದುಡ್ಡು ಸುಡುವ ಕೆಲಸ. ತುಕ್ಕನ್ನು ಒಳ್ಳೆ ತಗಡಿನ ತನಕ ಕತ್ತರಿಸಿ, ಹೊಸ ತುಂಡು ವೆಲ್ಡ್ ಮಾಡಿ, ಜಿಂಕ್ ಪ್ರೈಮರ್ ಹೊಡೆಯಬೇಕು. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಕಳಚಿ, ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಉಳಿಯಲಿ. ಒದ್ದೆ ತುಕ್ಕಿನ ಮೇಲೆ ಕಪ್ಪು ಆಂಟಿ-ರಸ್ಟ್ ಬಳಿಸಿದರೆ ನೀರು ಒಳಗೇ ಉಳಿದು ಎರಡು ಪಟ್ಟು ವೇಗದಲ್ಲಿ ತಿನ್ನುತ್ತೆ. ಬಾಗಿಲ ತಳದ ನೀರಿಳಿಯುವ ತೂತು ಮುಚ್ಚಿಹೋಗದಂತೆಯೂ ನೋಡಿಕೊಳ್ಳಿ.

ತುಕ್ಕು ಮುಂದಿನ ಸ್ಟ್ರಟ್ ಕೂರುವ ಗೋಪುರಕ್ಕೋ, ಸಸ್ಪೆನ್ಷನ್ ಆರ್ಮ್ ಹಿಡಿದಿರುವ ಜಾಗಕ್ಕೋ ಹತ್ತಿದ್ದರೆ ಅಲ್ಲಿಗೇ ಕೈಬಿಡಿ. ಆ ಗಾಡಿಯನ್ನು ಮಾರಬಾರದು, ಗುಜರಿಗೆ ಹಾಕಬೇಕು, ಅದೂ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ. ಅವರು ಕೊಡುವ ಠೇವಣಿ ಪ್ರಮಾಣಪತ್ರ (ಗಾಡಿ ಒಪ್ಪಿಸಿದ್ದಕ್ಕೆ ದಾಖಲೆ) ಹೊಸ ಗಾಡಿಯ ತೆರಿಗೆ ರಿಯಾಯಿತಿಗೆ ಬರುತ್ತೆ, ಆರ್‌ಸಿಯೂ ರದ್ದಾಗುತ್ತೆ. ರಸ್ತೆ ಬದಿಯ ಗುಜರಿಯವನಿಗೆ ಕೊಟ್ಟರೆ ಕಾರು ಚೂರಾಗುತ್ತೆ, ನಂಬರ್ ಮಾತ್ರ ಜೀವಂತ ಉಳಿಯುತ್ತೆ.

ಎಫ್‌ಸಿ ಆಯ್ತು, ಇನ್ನು ಮಾರಾಟ

ಆರ್‌ಸಿ ಐದು ವರ್ಷ ಮುಂದಕ್ಕೆ ಹೋಗಿದೆ. ಕೊಳ್ಳುವವನು ಈಗ ಕೇಳುವುದು ಬೇರೆ ಪ್ರಶ್ನೆ: ಎಷ್ಟು ದಿನ ಓಡುತ್ತೆ? ಇದಕ್ಕೆ ಉತ್ತರ ಇರುವುದು ಬಿಲ್ಲುಗಳಲ್ಲಿ. ಟೈಮಿಂಗ್ ಬೆಲ್ಟ್ ಯಾವ ಕಿಲೋಮೀಟರಿಗೆ ಬದಲಾಯಿತು, ಬ್ಯಾಟರಿ ವಾರಂಟಿ ಎಲ್ಲಿತನಕ ಇದೆ, ಬ್ರೇಕಿಗೆ ಏನೇನು ಹಾಕಿದಿರಿ. ಬಿಚ್ಚಿದ ಹಳೆ ಪಾರ್ಟ್ಸನ್ನು ಡಿಕ್ಕಿಯಲ್ಲಿ ಒಂದು ಚೀಲದಲ್ಲಿ ಇಟ್ಟುಕೊಳ್ಳಿ, ಬಿಲ್ಲಿಗಿಂತ ಚೆನ್ನಾಗಿ ಅವು ಮಾತಾಡುತ್ತವೆ. ನೋಡಲು ಬರುವವರ ಮುಂಚೆ ಎಂಜಿನ್ ಬಿಸಿ ಮಾಡಬೇಡಿ, ತಣ್ಣಗಿನ ಸ್ಟಾರ್ಟ್ ಅವರೇ ನೋಡಲಿ. ಆಗ ತಾನೇ ತೊಳೆದ ಎಂಜಿನ್ ಕಂಡರೆ ಆಯಿಲ್ ಸೋರಿಕೆ ಮುಚ್ಚಿದ್ದಾರೆ ಅಂದುಕೊಳ್ಳುತ್ತಾರೆ. ಫುಲ್ ಪೇಂಟ್ ಅಂತೂ ಬೇಡವೇ ಬೇಡ. ಹದಿನೈದು ವರ್ಷದ ಕಾರಿಗೆ ಹೊಸ ಬಣ್ಣ ಕಂಡರೆ ಎಲ್ಲಿ ಗುದ್ದಿಸಿದ್ದರು ಅಂತಲೇ ಹುಡುಕುತ್ತಾರೆ, ಹಾಕಿದ ದುಡ್ಡಿನ ಅರ್ಧವೂ ಬರಲ್ಲ. ಬಾಡಿಯ ಮೇಲಿನ ಗೀರು ಗೀರಾಗಿಯೇ ಇರಲಿ.

ಹೆಸರು ಬದಲಾವಣೆಗೆ ಬೇಕಾದದ್ದು ಫಾರಂ 29 ಎರಡು ಪ್ರತಿ, ಫಾರಂ 30. ಖಾಲಿ ಫಾರಂಗೆ ಸಹಿ ಹಾಕಿ ಯಾರ ಕೈಗೂ ಕೊಡಬೇಡಿ. ಬ್ರೋಕರುಗಳು ಕೇಳುವುದು ಅದನ್ನೇ, ಗಾಡಿ ಮೂರು ಕೈ ದಾಟಿದ ಮೇಲೆ ಯಾರ ಹೆಸರಾದರೂ ತುಂಬಲು ಅನುಕೂಲ. ಹೆಸರು ಬದಲಾಗುವ ತನಕ ಆರ್‌ಸಿಯಲ್ಲಿ ಇರುವವನೇ ಮಾಲೀಕ, ಅಪಘಾತವಾದರೆ ಪರಿಹಾರದ ಹೊಣೆ ಅವನದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿ ಅಷ್ಟರಲ್ಲಿ ಎಷ್ಟು ಕೈ ಬದಲಾಗಿದ್ದರೂ ಅಷ್ಟೇ. ಡೀಲರಿಗೆ ಕೊಡುವುದಾದರೆ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಅಧಿಕೃತ ಡೀಲರಿಗೆ ಗಾಡಿ ಒಪ್ಪಿಸಿದ್ದು ಫಾರಂ 29ಸಿ ಮೂಲಕ ದಾಖಲಾಗಬೇಕು. ಅದನ್ನು ಮಾಡಿಸಿಕೊಂಡೇ ಕೀ ಕೊಡಿ. ನೇರ ಮಾರುವುದಾದರೆ ಡೆಲಿವರಿ ಚೀಟಿಯಲ್ಲಿ ತಾರೀಖಿನ ಜೊತೆ ಗಂಟೆ, ಕಿಲೋಮೀಟರ್ ಬರೆದು ಇಬ್ಬರೂ ಸಹಿ ಹಾಕಿ, ಕೊಳ್ಳುವವನ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ರಾಜ್ಯದೊಳಗೆ ಮಾರಾಟ ಆದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕಾದ ಹೊಣೆ ಮಾರಿದವನದ್ದೂ ಹೌದು. ಸಾಧ್ಯವಾದರೆ ವರ್ಗಾವಣೆಯ ಅರ್ಜಿ ನೀವೇ ಜೊತೆಗೆ ಕೂತು ಹಾಕಿಸಿ, ಬೆಲೆಯಲ್ಲಿ ಒಂದು ಸಣ್ಣ ಭಾಗವನ್ನು ಹೆಸರು ಬದಲಾದ ಮೇಲೆ ಕೊಡುವಂತೆ ಮಾತಾಡಿಕೊಳ್ಳಿ. ಇನ್ಶೂರೆನ್ಸಿನಲ್ಲಿ ಸೇರಿಕೊಂಡ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಗಾಡಿಯ ಜೊತೆ ಹೋಗುವುದಿಲ್ಲ, ಅದು ನಿಮ್ಮದು. ಕಂಪನಿಯಿಂದ ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಮುಂದಿನ ಕಾರಿಗೆ ಹಾಕಿಸಿಕೊಳ್ಳಬಹುದು.